ಎರಡು ಊರು, ಒಂದು ಗಡಿಗೆರೆ: ಕೃಷ್ಣಾ ದಂಡೆಯ ಸರ್ವೆ ನಂಬರ್‌ಗಳನ್ನು ಒಂದೇ ಟೇಬಲ್ಲಿಗೆ ತಂದ ಪ್ರಕರಣ

ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕು. ಕೃಷ್ಣೆಯ ಹಿನ್ನೀರಿನ ಅಂಚಿನಲ್ಲಿ ಒಂದಕ್ಕೊಂದು ತಾಗಿದ ಎರಡು ಹಳ್ಳಿಗಳು. ಹೆಸರು ಇಲ್ಲಿ ಬೇಡ, ಮೇಲಿನ ಊರು, ಕೆಳಗಿನ ಊರು ಅಂತ ಕರೆಯೋಣ. ಅಲ್ಲಿನ ರೈತರ ಗುಂಪಿಗೆ ಬೇಕಿದ್ದದ್ದು ಒಂದೇ ಲೆಕ್ಕ. ಆಲಮಟ್ಟಿಯ ನೀರು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿದರೆ ಯಾವ ಸರ್ವೆ ನಂಬರಿನಲ್ಲಿ ಎಷ್ಟು ಗುಂಟೆ ಹೋಗುತ್ತದೆ? ಅದರಲ್ಲಿ ನೀರಾವರಿ ಎಷ್ಟು, ಒಣ ಬೇಸಾಯ ಎಷ್ಟು?

ಕೃಷ್ಣಾ ಜಲವಿವಾದದ ಎರಡನೇ ನ್ಯಾಯಮಂಡಳಿ 2010ರಲ್ಲೇ 524.256ಕ್ಕೆ ಒಪ್ಪಿಗೆ ಕೊಟ್ಟಿದೆ. ಹಳೇ ಬಾಗಲಕೋಟೆಯ ಓಣಿಗಳು ಮುಳುಗಿ ನವನಗರ ಎದ್ದಿದ್ದನ್ನು ಈ ಜನ ಕಣ್ಣಾರೆ ಕಂಡಿದ್ದಾರೆ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪ್ರಾಥಮಿಕ ಅಧಿಸೂಚನೆ ಬಂದ ಮೇಲೆ ಆಕ್ಷೇಪಣೆಗೆ 60 ದಿನ ಸಿಗುತ್ತದೆ. ಆ 60 ದಿನದಲ್ಲಿ ಕೂತು ನಕಾಶೆ ಮಾಡಲು ಆಗುವುದಿಲ್ಲ, ಮೊದಲೇ ಕೈಯಲ್ಲಿರಬೇಕು. ಅದಕ್ಕೇ ಗುಂಪಿನ ಹುಡುಗರು ನಕಾಶೆಯ ಆಕಾರಗಳನ್ನೂ ಇಟ್ಟು ಲೆಕ್ಕ ಹಾಕಬಲ್ಲ ಪೋಸ್ಟ್‌ಜಿಐಎಸ್ ಡೇಟಾಬೇಸ್ ಒಂದನ್ನು ಶುರು ಮಾಡಿದ್ದರು. ಸಹಾಯಕ್ಕೆ ನನ್ನನ್ನು ಕರೆದರು.

ಕೈಗೆ ಬಂದದ್ದು ಹೀಗಿತ್ತು. ಎರಡು ಊರಿನ ಸರ್ವೆ ನಂಬರ್ ಪಾಲಿಗನ್‌ಗಳು, ಅಂದರೆ ಹೊಲದ ಸುತ್ತಗೆರೆಯ ಆಕಾರಗಳು, ಬೇರೆ ಬೇರೆ ಶೇಪ್‌ಫೈಲ್ ಎಂಬ ನಕಾಶೆ ಫೈಲ್‌ಗಳಲ್ಲಿ. ಹುಡುಗರು ಹೊಲದ ಬದುವಿನ ಮೇಲೆ ಮೊಬೈಲ್ ಹಿಡಿದು ನಡೆದು ಗುರುತಿಸಿದ ಬೆಳೆ ಪಾಲಿಗನ್‌ಗಳು. ಕೊನೆಗೆ ಮುಳುಗಡೆಯ ಗೆರೆ. ಇವನ್ನೆಲ್ಲ ಕೂಡಿಸಿ ಯಾರೋ ಹಿಂದೆ ಮಾಡಿಕೊಟ್ಟಿದ್ದ ಒಂದು ಪದರವೂ ಇತ್ತು. ಅದರ ಒಟ್ಟು ವಿಸ್ತೀರ್ಣ ಎರಡೂ ಊರಿನ ಆಕಾರಬಂದ್ (ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ ಬರೆದಿಟ್ಟ ಸರ್ಕಾರಿ ದಾಖಲೆ) ಮೊತ್ತಕ್ಕಿಂತ ಜಾಸ್ತಿ ಬರುತ್ತಿತ್ತು. ತಪ್ಪು ಹಿಡಿದವರು ಗಡಿಯಲ್ಲಿ ಹೊಲ ಇರುವ ಒಬ್ಬ ರೈತರು. ಪ್ರಿಂಟ್ ನೋಡುತ್ತಲೇ, "ಸರ್ರ, ನಮ್ಮ ಹೊಲದ ತುದಿ ಎರಡೂ ಊರಾಗ ಬಂದೈತಿ ನೋಡ್ರಿ" ಎಂದರು.

ಭೂಮಿ ಹೆಚ್ಚಾಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಕೂಡಿಸಿದ ಮೇಲೆ ಮೊತ್ತ ಬದಲಾಯಿತು ಅಂದರೆ ಎಲ್ಲೋ ಒಂದು ತುಂಡು ಎರಡು ಸಲ ಎಣಿಕೆಯಾಗಿದೆ, ಇಲ್ಲವೇ ಬಿಟ್ಟುಹೋಗಿದೆ. ಕೆಲಸದ ಉದ್ದಕ್ಕೂ ಇದೊಂದು ಲೆಕ್ಕವನ್ನು ನಾವು ಕೈಬಿಡಲಿಲ್ಲ.

ಮೂರು ಬೇರೆ ಕೆಲಸಗಳು

ಡೇಟಾಸೆಟ್ ಕೂಡಿಸು ಅಂದಾಗ ಅದರೊಳಗೆ ಮೂರು ಕೆಲಸ ಸೇರಿರುತ್ತವೆ. ಎರಡು ಊರಿನ ಸಾಲುಗಳನ್ನು ಒಂದೇ ಟೇಬಲ್ಲಿಗೆ ಹಾಕುವುದು ಮೊದಲನೆಯದು. ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್‌ನ ಯೂನಿಯನ್ ಆಲ್ ಅದಕ್ಕೆ ಸಾಕು, ಪಾಲಿಗನ್ ಆಕಾರಗಳನ್ನು ಅದು ಮುಟ್ಟುವುದೇ ಇಲ್ಲ. ಅಕ್ಕಪಕ್ಕದ ತುಂಡುಗಳ ನಡುವಿನ ಗೆರೆ ಅಳಿಸಿ ಒಂದು ದೊಡ್ಡ ಪಾಲಿಗನ್ ಮಾಡುವುದು ಎರಡನೆಯದು, ಎಸ್‌ಟಿ_ಯೂನಿಯನ್ ಮಾಡುವುದು ಇದನ್ನೇ (ಎಸ್‌ಟಿ_ ಎಂದು ಶುರುವಾಗುವ ಹೆಸರುಗಳೆಲ್ಲ ಪೋಸ್ಟ್‌ಜಿಐಎಸ್‌ನ ಫಂಕ್ಷನ್‌ಗಳು, ಅಂದರೆ ಸಿದ್ಧ ಆದೇಶಗಳು). ಮೂರನೆಯದು ಒಂದರ ಮೇಲೊಂದು ಪದರ ಇಟ್ಟು, ಎಲ್ಲ ಗೆರೆಗಳಲ್ಲೂ ಕತ್ತರಿಸಿ, ಪ್ರತಿ ತುಂಡಿಗೂ ಎಲ್ಲ ಪದರದ ಮಾಹಿತಿ ಅಂಟಿಸುವುದು. ನಮಗೆ ಬೇಕಿದ್ದದ್ದು ಮೊದಲನೆಯದು ಮತ್ತು ಮೂರನೆಯದು. ಹಳೆಯ ಪದರ ಮಾಡಿದವರು ಮೊದಲನೆಯದನ್ನು ಮಾಡಿ, ಎರಡನೆಯದನ್ನು ಊರು ಊರಿಗೆ ಬೇರೆಯಾಗಿ ಓಡಿಸಿ, ಬೆಳೆಯ ಮಾಹಿತಿಯನ್ನು ಅದರ ಮೇಲೆ ಹೊಂದಿಸಿದ್ದರು. ಗಡಿಯಲ್ಲಿ ಎರಡೂ ಊರು ಹೇಳಿಕೊಂಡ ಪಟ್ಟಿ ಎರಡೂ ಕಡೆ ಹಾಗೇ ಉಳಿದಿತ್ತು.

ಇವನ್ನು ಬೇರ್ಪಡಿಸಿ ಹೇಳಿದ ಮೇಲೆ ಹುಡುಗರಿಗೆ ಅರ್ಧ ದಾರಿ ಸಿಕ್ಕಿತು.

ಊರೇ ಸರಿದಿತ್ತು

ಮೇಲಿನ ಊರಿನ ಫೈಲ್ ಅಕ್ಷಾಂಶ ರೇಖಾಂಶದಲ್ಲಿತ್ತು. ಬೆಳೆಯ ಫೈಲ್ ಯುಟಿಎಂ 43ನೇ ವಲಯದಲ್ಲಿತ್ತು, ಅಂದರೆ ಜಾಗವನ್ನು ಮೀಟರಿನಲ್ಲಿ ಹೇಳುವ ಲೆಕ್ಕದಲ್ಲಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಪಟ್ಟಣಗಳು ಈ ವಲಯದೊಳಗೇ ಬರುತ್ತವೆ, ಆ ಮಟ್ಟಿಗೆ ನಮ್ಮ ಕಡೆಯವರಿಗೆ ಅನುಕೂಲ. ಕೆಳಗಿನ ಊರಿನ ಫೈಲಿಗೆ ಮಾತ್ರ ಪಿಆರ್‌ಜೆ ಫೈಲೇ ಇರಲಿಲ್ಲ. ಯಾವ ಲೆಕ್ಕದಲ್ಲಿ ಬರೆದದ್ದು ಅಂತ ಫೈಲ್ ಹೇಳುತ್ತಿರಲಿಲ್ಲ.

ಯಾರೋ ಅದಕ್ಕೆ ಎಸ್‌ಟಿ_ಸೆಟ್‌ಎಸ್‌ಆರ್‌ಐಡಿ ಕೊಟ್ಟು ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಲೆಕ್ಕ ಎಂದು ಗುರುತು ಹಾಕಿದ್ದರು. ಜೋಳದ ಚೀಲಕ್ಕೆ ಗೋದಿಯ ಚೀಟಿ ಅಂಟಿಸಿದ ಹಾಗೆ, ಒಳಗಿನ ಅಂಕಿಗಳು ಬದಲಾಗಲಿಲ್ಲ. ಅಂಕಿಗಳನ್ನೇ ಬದಲಿಸುವುದು ಎಸ್‌ಟಿ_ಟ್ರಾನ್ಸ್‌ಫಾರ್ಮ್. ಉಪಗ್ರಹ ಚಿತ್ರದ ಮೇಲೆ ಇಟ್ಟು ನೋಡಿದರೆ ಇಡೀ ಊರು ನೂರಕ್ಕೂ ಹೆಚ್ಚು ಮೀಟರ್ ಸರಿದು ಕೂತಿತ್ತು. ಎಲ್ಲ ಸರ್ವೆ ನಂಬರೂ ಒಂದೇ ದಿಕ್ಕಿಗೆ, ಒಂದೇ ಅಳತೆಗೆ ಸರಿದಿದ್ದವು. ಇಂಥ ಲಕ್ಷಣ ಕಂಡರೆ ಹಳೆಯ ಎವರೆಸ್ಟ್ ದೀರ್ಘಗೋಳದ, ಅಂದರೆ ಹಿಂದೆ ಭೂಮಿಗೆ ಇಟ್ಟುಕೊಂಡಿದ್ದ ಆಕಾರದ ಲೆಕ್ಕದ, ನೆನಪಾಗಬೇಕು. ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟ್‌ಗಳು ಅದರ ಮೇಲೆ ನಿಂತಿವೆ. 2005ರ ರಾಷ್ಟ್ರೀಯ ನಕಾಶೆ ನೀತಿಯ ನಂತರ ಜನರಿಗೆ ಸಿಗುವ ಹಾಳೆಗಳು ಡಬ್ಲ್ಯೂಜಿಎಸ್ 84ಕ್ಕೆ ಬಂದವು. ಕೆಳಗಿನ ಊರಿನ ಗ್ರಾಮ ನಕಾಶೆಯನ್ನು ಯಾರೋ ಹಳೆಯ ಟೋಪೋಶೀಟಿಗೆ ಹೊಂದಿಸಿ ಬಿಡಿಸಿದ್ದರು. ಹಳೆಯ ಲೆಕ್ಕದ ಸರಿಯಾದ ಗುರುತು ಕೊಟ್ಟು, ಆಮೇಲೆ ಟ್ರಾನ್ಸ್‌ಫಾರ್ಮ್ ಮಾಡಿದಾಗ ಊರು ತನ್ನ ಜಾಗಕ್ಕೆ ಬಂತು. ಆದರೂ ಗಡಿಯಲ್ಲಿ ಕೆಲವು ಮೀಟರ್ ವ್ಯತ್ಯಾಸ ಉಳಿಯಿತು.

ಸರ್ವೆ ನಂಬರಿನ ಕಾಲಮ್ ಇನ್ನೊಂದು ತಲೆನೋವು. ಒಂದು ಫೈಲಿನಲ್ಲಿ ಹೆಸರುಗಳು ಹಳೆಯ ನುಡಿ ಫಾಂಟಿನಲ್ಲಿದ್ದವು, ಯೂನಿಕೋಡ್‌ಗೆ ಬದಲಿಸದೆ ಓದಲು ಆಗುತ್ತಿರಲಿಲ್ಲ. ಇನ್ನೊಂದು ಯಾವಾಗಲೋ ಎಕ್ಸೆಲ್ ಮೂಲಕ ಹಾದು ಬಂದಿತ್ತು. 5/2 ಅನ್ನುವ ಹಿಸ್ಸಾ (ಸರ್ವೆ ನಂಬರಿನೊಳಗಿನ ಪಾಲು) ನಂಬರನ್ನು ಎಕ್ಸೆಲ್ ತಾರೀಖು ಅಂದುಕೊಳ್ಳುತ್ತದೆ, ಗೊತ್ತಲ್ವಾ? ಅಂಥವನ್ನೆಲ್ಲ ಪಹಣಿ ಮುಂದಿಟ್ಟುಕೊಂಡು ತಿದ್ದಬೇಕಾಯಿತು. ಊರಿನ ಕೋಡ್, ಸರ್ವೆ ನಂಬರ್, ಹಿಸ್ಸಾ ಈ ಮೂರನ್ನೂ ಬೇರೆ ಬೇರೆ ಕಾಲಮ್ ಮಾಡಿ, ಅಕ್ಷರದ ರೂಪದಲ್ಲೇ ಇಟ್ಟೆವು. ಎರಡೂ ಊರಿನಲ್ಲಿ 45ನೇ ಸರ್ವೆ ನಂಬರ್ ಇರುತ್ತದೆ. ಊರಿನ ಕೋಡ್ ಇಲ್ಲದೆ ಕೂಡಿಸಿದರೆ ಇವರ ಹೊಲ ಅವರ ಹೆಸರಿಗೆ ಹೋಗುತ್ತದೆ.

ಇಲ್ಲೊಂದು ಮಾತು ಮುಖ್ಯ. ಪಹಣಿಯಲ್ಲಿ ಹಿಸ್ಸಾ ಇದ್ದರೂ ನಕಾಶೆಯಲ್ಲಿ ಇರಬೇಕೆಂದಿಲ್ಲ. ಪೋಡಿ ಆಗದ, ಅಂದರೆ ಅಳೆದು ಪಾಲು ಬೇರ್ಪಡಿಸದ ಸರ್ವೆ ನಂಬರಿನಲ್ಲಿ ಅಣ್ಣತಮ್ಮಂದಿರು ನಾಲ್ಕು ಪಾಲು ಉಳುತ್ತಿದ್ದರೂ ನಕಾಶೆಯಲ್ಲಿ ಪಾಲಿಗನ್ ಒಂದೇ. ಅದನ್ನು ಕಂಪ್ಯೂಟರಿನಲ್ಲಿ ಸಮಪಾಲು ಮಾಡುವ ಅಧಿಕಾರ ನಮಗಿಲ್ಲ. ಅಂಥ ಕಡೆ ಪಾಲಿಗನ್ ಒಂದೇ ಇಟ್ಟು, ಪಹಣಿಯ ಸಾಲುಗಳನ್ನು ಬೇರೆ ಟೇಬಲ್ಲಿನಲ್ಲಿ ಇಟ್ಟೆವು.

ಕೆಟ್ಟ ಪಾಲಿಗನ್‌ಗಳು

ಎಸ್‌ಟಿ_ಈಸ್‌ವ್ಯಾಲಿಡ್ ಓಡಿಸಿದರೆ ತನ್ನ ಗೆರೆಯನ್ನು ತಾನೇ ದಾಟಿದ ಪಾಲಿಗನ್‌ಗಳು ಸಿಕ್ಕವು. ಮೌಸ್ ಹಿಡಿದು ಬಿಡಿಸುವಾಗ ಎರಡು ಮೂಲೆ ಅದಲುಬದಲಾದರೆ ಹೀಗಾಗುತ್ತದೆ. ಸೊನ್ನೆ ಬಫರ್ ಕೊಟ್ಟು (ಅಂಚನ್ನು ಸೊನ್ನೆ ಮೀಟರ್ ಹಿಗ್ಗಿಸಿ) ಸರಿಮಾಡುವ ಹಳೆಯ ಉಪಾಯ ತುಂಬ ಜನ ಬಳಸುತ್ತಾರೆ. ನಾನು ಬೇಡ ಅನ್ನುತ್ತೇನೆ. ಎಂಟರ ಆಕಾರದಲ್ಲಿ ತಿರುಚಿದ ಪಾಲಿಗನ್‌ಗೆ ಅದನ್ನು ಕೊಟ್ಟರೆ ಒಂದು ಹೊಟ್ಟೆ ಉಳಿದು ಇನ್ನೊಂದು ಹೊಟ್ಟೆ ಸುಮ್ನೆ ಮಾಯವಾಗಬಹುದು, ಎರರ್ ಕೂಡ ಬರುವುದಿಲ್ಲ. ಎಸ್‌ಟಿ_ಮೇಕ್‌ವ್ಯಾಲಿಡ್ ಎರಡನ್ನೂ ಉಳಿಸುತ್ತದೆ. ಅದು ಕೆಲವು ಸಲ ಪಾಲಿಗನ್ ಜೊತೆ ತುಂಡು ಗೆರೆಗಳನ್ನೂ ಕೊಡುತ್ತದೆ, ಆಗ ಎಸ್‌ಟಿ_ಕಲೆಕ್ಷನ್‌ಎಕ್ಸ್‌ಟ್ರ್ಯಾಕ್ಟ್‌ನಿಂದ ಪಾಲಿಗನ್ ಮಾತ್ರ ತೆಗೆದುಕೊಳ್ಳಬೇಕು. ಸರಿಮಾಡುವ ಮೊದಲಿನ ವಿಸ್ತೀರ್ಣ, ನಂತರದ ವಿಸ್ತೀರ್ಣ, ಆಕಾರಬಂದ್ ವಿಸ್ತೀರ್ಣ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು.

ಗಡಿಯ ಪಟ್ಟಿ ಮತ್ತು ಹಳ್ಳ

ನಿಜವಾದ ಕೆಲಸ ಇದ್ದದ್ದು ಇಲ್ಲಿ. ಎರಡು ಊರಿನ ಗಡಿಯ ಉದ್ದಕ್ಕೂ ಕೆಲವು ಕಡೆ ಪಾಲಿಗನ್‌ಗಳು ಒಂದರ ಮೇಲೊಂದು ಹತ್ತಿದ್ದವು, ಕೆಲವು ಕಡೆ ನಡುವೆ ಖಾಲಿ ಬಿಟ್ಟಿತ್ತು.

ಹತ್ತಿರುವುದನ್ನು ಹುಡುಕುವುದು ಸುಲಭ. ಟೇಬಲ್ಲನ್ನು ಅದಕ್ಕೇ ಜೋಡಿಸಿ, ಒಂದು ಜೋಡಿ ಒಂದೇ ಸಲ ಬರುವಂತೆ ಮೊದಲನೆಯ ಐಡಿ ಎರಡನೆಯದಕ್ಕಿಂತ ಚಿಕ್ಕದಿರಲಿ ಎಂಬ ಷರತ್ತು ಹಾಕಿ, ಎಸ್‌ಟಿ_ಇಂಟರ್‌ಸೆಕ್ಷನ್‌ನ ವಿಸ್ತೀರ್ಣ ತೆಗೆದರೆ ಆಯಿತು. ಜಾಗವಾರು ಹುಡುಕಲು ನೆರವಾಗುವ ಜಿಸ್ಟ್ ಇಂಡೆಕ್ಸ್ ಇದ್ದರೆ ಬೇಗ ಮುಗಿಯುತ್ತದೆ. ಖಾಲಿ ಜಾಗ ಹುಡುಕುವುದು ಕಷ್ಟ. ಎಲ್ಲವನ್ನೂ ಯೂನಿಯನ್ ಮಾಡಿ ಒಳಗಿನ ತೂತುಗಳನ್ನು ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಊರ ಗಡಿಯ ಬಿರುಕು ಒಂದು ತುದಿಯಲ್ಲಿ ತೆರೆದಿದ್ದರೆ ಅದು ತೂತು ಅಲ್ಲವೇ ಅಲ್ಲ, ಹೊರಗಿನಿಂದ ಒಳಗೆ ಚಾಚಿದ ಸಂದು. ಅದಕ್ಕೆ ಯೂನಿಯನ್ ಮಾಡಿದ್ದನ್ನು ಕೆಲವು ಮೀಟರ್ ಹೊರಗೆ ಹಿಗ್ಗಿಸಿ, ಮತ್ತೆ ಅಷ್ಟೇ ಒಳಗೆ ಕುಗ್ಗಿಸಿ, ಅದರಿಂದ ಮೂಲವನ್ನು ಕಳೆದೆವು. ಕಿರಿದಾದ ಸಂದುಗಳೆಲ್ಲ ಮುಂದೆ ಬಂದವು.

ಈ ತುಂಡುಗಳು ಎಷ್ಟು ದೊಡ್ಡವು? ಸಣ್ಣ ವ್ಯತ್ಯಾಸ, ಬಿಡಿ ಅನ್ನುವವರು ಈ ಲೆಕ್ಕ ಮಾಡಿ ನೋಡಲಿ. 400 ಮೀಟರ್ ಉದ್ದದ ಬದುವಿನಲ್ಲಿ ಎರಡು ಗೆರೆ 3 ಮೀಟರ್ ದೂರ ಇದ್ದರೆ 1200 ಚದರ ಮೀಟರ್. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, ಸುಮಾರು 101 ಚದರ ಮೀಟರ್. ಅಲ್ಲಿಗೆ ಹತ್ತಿರ ಹತ್ತಿರ 12 ಗುಂಟೆ. ಪರಿಹಾರದ ಲೆಕ್ಕ ಗುಂಟೆಗೆ ನಡೆಯುವ ಜಾಗದಲ್ಲಿ 12 ಗುಂಟೆಯನ್ನು ಕಸ ಅಂತ ಗುಡಿಸಲು ಆಗುತ್ತದೆಯೇ?

ಇಂತಿಷ್ಟು ವಿಸ್ತೀರ್ಣಕ್ಕಿಂತ ಚಿಕ್ಕದನ್ನೆಲ್ಲ ಪಕ್ಕದ ಪಾಲಿಗನ್‌ಗೆ ಸೇರಿಸುವ ರೂಢಿಯನ್ನೂ ಇಲ್ಲಿ ಬಿಡಬೇಕಾಯಿತು. ಗುಡಿಯ ಜಾಗ, ಬಾವಿಯ ಜಾಗ ಅಂತ ಎರಡು ಗುಂಟೆಯ ನಿಜವಾದ ತುಂಡುಗಳು ಇರುತ್ತವೆ. ವಿಸ್ತೀರ್ಣ ನೋಡಿ ಕತ್ತರಿಸಿದರೆ ಅವು ಹೋಗಿ, 12 ಗುಂಟೆಯ ತಪ್ಪು ಪಟ್ಟಿ ಉಳಿಯುತ್ತದೆ. ಅಗಲ ನೋಡಬೇಕು. ವಿಸ್ತೀರ್ಣದ ಎರಡರಷ್ಟನ್ನು ಸುತ್ತಳತೆಯಿಂದ ಭಾಗಿಸಿದರೆ ಉದ್ದನೆಯ ಪಟ್ಟಿಗೆ ಹೆಚ್ಚುಕಡಿಮೆ ಅದರ ಅಗಲವೇ ಬರುತ್ತದೆ. ಮೇಲಿನ ಪಟ್ಟಿಗೆ 3ರ ಹತ್ತಿರ ಬರುತ್ತದೆ. ಎರಡು ಗುಂಟೆಯ ಚೌಕಾಕಾರದ ಜಾಗಕ್ಕೆ 7 ಬರುತ್ತದೆ. ಎರಡೂ ಬೇರೆಯಾಗಿ ನಿಲ್ಲುತ್ತವೆ.

ಅಷ್ಟಾದರೂ ಇದು ಅನುಮಾನದ ಪಟ್ಟಿ ಮಾತ್ರ. ತೀರ್ಮಾನ ಮಾಡಿಕೊಟ್ಟವರು ನಿವೃತ್ತ ಭೂಮಾಪಕರೊಬ್ಬರು. ಊರವರಿಗೆಲ್ಲ ಅವರು ಕಾಕಾ. ಹುಡುಗನೊಬ್ಬ ಲ್ಯಾಪ್‌ಟಾಪ್ ತೋರಿಸುತ್ತ, "ಕಾಕಾ, ಇಲ್ಲೆ ನಡಕ್ಕ ಸಂದ ಐತಿ. ಎರಡೂ ಕಡೆ ಗೆರಿ ಎಳದು ಕೂಡಿಸಿಬಿಡ್ಲೇನ್ರಿ?" ಎಂದು ಕೇಳಿದ.

ಕಾಕಾ ಗ್ರಾಮ ನಕಾಶೆಯ ಹಾಳೆ ಬಿಡಿಸಿದರು. "ಬ್ಯಾಡ ತಮ್ಮಾ. ಅದು ಸಂದ ಅಲ್ಲ, ಹಳ್ಳ. ಮ್ಯಾಲಿನ ಊರಿನ ನಂಬರ ಈ ದಂಡಿಗೆ ಮುಗೀತಾವು. ಕೆಳಗಿನ ಊರಿನ ನಂಬರ ಆ ದಂಡಿಗೆ ಶುರು ಆಗ್ತಾವು. ನಡಕಿಂದು ಖರಾಬು, ಸರಕಾರದ್ದು. ಹಳ್ಳ ತಿರುಗಿದ ಮ್ಯಾಲೆ ಬದುವಿನ ಗುಂಟ ಹೋಗಿ ನೋಡು, ಅಲ್ಲೆ ಕಲ್ಲ ಸಿಗ್ತಾವು."

ಗಡಿಯ ಒಂದು ಭಾಗದಲ್ಲಿ ಖಾಲಿ ಬಿಟ್ಟದ್ದು ಸರಿಯಾಗಿತ್ತು, ಇನ್ನೊಂದು ಭಾಗದಲ್ಲಿ ಹತ್ತಿದ್ದು ತಪ್ಪಾಗಿತ್ತು. ಎಸ್‌ಟಿ_ಸ್ನ್ಯಾಪ್‌ಗೆ ಒಂದು ಅಂತರ ಕೊಟ್ಟು ಇಡೀ ಗಡಿಯನ್ನು ಎಳೆದಿದ್ದರೆ ಹಳ್ಳವನ್ನು ರೈತರ ಹೊಲಕ್ಕೆ ಸೇರಿಸಿದಂತೆ ಆಗುತ್ತಿತ್ತು. ಆಕ್ಷೇಪಣೆಯಲ್ಲಿ ಖರಾಬು ಜಮೀನನ್ನೂ ತಮ್ಮದು ಅಂತ ಬರೆದರೆ ಉಳಿದ ನ್ಯಾಯವಾದ ಮಾತಿಗೂ ಬೆಲೆ ಹೋಗುತ್ತದೆ. ನನಗೆ ಇದು ಈ ಇಡೀ ಕೆಲಸದ ಅತಿ ಮುಖ್ಯವಾದ ಘಟ್ಟ ಅನಿಸುತ್ತದೆ. ಎರಡು ಗೆರೆಗಳಲ್ಲಿ ಯಾವುದು ನಿಲ್ಲಬೇಕು ಅಂತ ಯಾವ ಫಂಕ್ಷನ್ನಿಗೂ ಗೊತ್ತಿರುವುದಿಲ್ಲ. ಅದನ್ನು ಜನ ಕೂತು ಮೊದಲು ತೀರ್ಮಾನಿಸಬೇಕು. ತೀರ್ಮಾನ ಡೇಟಾಬೇಸಿನಲ್ಲೇ ಬರೆದಿರಬೇಕು.

ನಾವು ಗುಂಪಿನ ಮುಂದೆ ಹೇಳಿ ಒಪ್ಪಿಗೆ ಪಡೆದ ಕ್ರಮ ಹೀಗೆ. ಬಾಂದು ಕಲ್ಲು ಸಿಕ್ಕಿ, ಸೆಂಟಿಮೀಟರ್ ಮಟ್ಟಕ್ಕೆ ಅಳೆಯುವ ಆರ್‌ಟಿಕೆ ಉಪಕರಣದಿಂದ ಅಳೆದಿದ್ದರೆ ಅದೇ ಅಂತಿಮ. ಕಲ್ಲು ಕಿತ್ತುಹೋಗಿದ್ದರೆ ಟಿಪ್ಪಣಿಯ (ಮೂಲ ಸರ್ವೆಯ ಅಳತೆ ಬರೆದಿಟ್ಟ ದಾಖಲೆ) ಅಳತೆ. ಅದೂ ಇಲ್ಲದಿದ್ದರೆ ಗ್ರಾಮ ನಕಾಶೆಯ ಗೆರೆ. ಮೊಬೈಲ್ ಹಿಡಿದು ನಡೆದ ಗೆರೆ ಗಡಿಯ ವಿಷಯದಲ್ಲಿ ಯಾವತ್ತೂ ಗೆಲ್ಲುವುದಿಲ್ಲ, ಏಕೆಂದರೆ ಬಯಲಿನಲ್ಲೂ ಮೊಬೈಲ್ ಹಲವು ಮೀಟರ್ ಆಚೀಚೆ ತೋರಿಸುತ್ತದೆ. ಅದು ಬೆಳೆ ಯಾವುದು ಅಂತ ಹೇಳಲು ಮಾತ್ರ.

ಗೆರೆ ಒಂದೇ ಇಟ್ಟರೆ

ಪಾಲಿಗನ್ ಟೇಬಲ್ಲಿನಲ್ಲಿ ಗಡಿಯ ಗೆರೆ ಎರಡು ಸಲ ಇರುತ್ತದೆ, ಈಚಿನ ಹೊಲದಲ್ಲಿ ಒಂದು, ಆಚಿನ ಹೊಲದಲ್ಲಿ ಒಂದು. ಒಂದನ್ನು ತಿದ್ದಿ ಇನ್ನೊಂದನ್ನು ಬಿಟ್ಟರೆ ಮತ್ತೆ ಬಿರುಕು. ಹಾಗಾಗಿ ಗೆರೆಗಳನ್ನೇ ಮೂಲ ಟೇಬಲ್ ಮಾಡಿದೆವು. ಪ್ರತಿ ಗೆರೆಗೂ ಅದು ಎಲ್ಲಿಂದ ಬಂತು, ಕಲ್ಲೋ ಟಿಪ್ಪಣಿಯೋ ನಕಾಶೆಯೋ, ಯಾವಾಗ ಒಪ್ಪಿದ್ದು ಎಂಬ ಕಾಲಮ್‌ಗಳು. ಪೋಸ್ಟ್‌ಜಿಐಎಸ್‌ನ ಟೊಪಾಲಜಿ ವಿಸ್ತರಣೆ ಇದನ್ನೇ ಇನ್ನೂ ಕಟ್ಟುನಿಟ್ಟಾಗಿ ಮಾಡುತ್ತದೆ. ಆದರೆ ಮುಂದೆ ಇದನ್ನು ನೋಡಿಕೊಳ್ಳುವವರು ಕ್ಯೂಜಿಐಎಸ್ ಎಂಬ ನಕಾಶೆ ತಂತ್ರಾಂಶದಲ್ಲಿ ಗೆರೆ ತಿದ್ದಲು ಕಲಿತ ಊರಿನ ಹುಡುಗರು. ಅವರಿಗೆ ಸರಳ ಟೇಬಲ್ಲೇ ಮೇಲು.

ಆಮೇಲೆ ಕೂಡಿಸುವ ಹಂತ. ಸರ್ವೆ ಗೆರೆಗಳು, ಎಸ್‌ಟಿ_ಬೌಂಡರಿಯಿಂದ ತೆಗೆದ ಬೆಳೆ ಪಾಲಿಗನ್‌ಗಳ ಅಂಚುಗಳು, ಮುಳುಗಡೆಯ ಗೆರೆ, ಇವನ್ನೆಲ್ಲ ಒಟ್ಟು ಹಾಕಿ ಎಸ್‌ಟಿ_ಯೂನಿಯನ್ ಮಾಡಿದರೆ ಗೆರೆ ಗೆರೆ ದಾಟುವ ಪ್ರತಿ ಜಾಗದಲ್ಲೂ ಗಂಟು ಬೀಳುತ್ತದೆ. ಅದನ್ನು ಎಸ್‌ಟಿ_ಪಾಲಿಗನೈಸ್‌ಗೆ ಕೊಟ್ಟರೆ ಎಲ್ಲ ತುಂಡುಗಳೂ ಹೊರಬರುತ್ತವೆ. ಪ್ರತಿ ತುಂಡಿನೊಳಗೆ ಎಸ್‌ಟಿ_ಪಾಯಿಂಟ್‌ಆನ್‌ಸರ್ಫೇಸ್‌ನಿಂದ ಒಂದು ಬಿಂದು ತೆಗೆದು, ಆ ಬಿಂದು ಯಾವ ಸರ್ವೆ ನಂಬರಿನಲ್ಲಿದೆ, ಯಾವ ಬೆಳೆಯಲ್ಲಿದೆ, ಗೆರೆಯ ಯಾವ ಕಡೆ ಇದೆ ಎಂದು ಕೇಳಿದರೆ ಮಾಹಿತಿ ಅಂಟಿಕೊಳ್ಳುತ್ತದೆ. ಸೆಂಟ್ರಾಯ್ಡ್ (ಆಕಾರದ ನಡುಬಿಂದು) ಬಳಸಬಾರದು, ಹಳ್ಳದ ಗುಂಟ ಬಾಗಿದ ಹೊಲಕ್ಕೆ ಅದು ಹೊರಗೇ ಬೀಳಬಹುದು.

ಈ ದಾರಿಯ ದೊಡ್ಡ ಗುಣ ಅಂದರೆ ಭೂಮಿಯ ಪ್ರತಿ ತುಂಡೂ ಒಂದೇ ಸಲ ಬರುತ್ತದೆ. ಮೂಲ ಪದರದಲ್ಲಿ ಎಲ್ಲಾದರೂ ಪಾಲಿಗನ್ ಹತ್ತಿದ್ದರೆ ಅದು ಎರಡು ಸರ್ವೆ ನಂಬರ್ ಹೊತ್ತ ತುಂಡಾಗಿ ಕಾಣುತ್ತದೆ. ಖಾಲಿ ಇದ್ದರೆ ಸರ್ವೆ ನಂಬರೇ ಇಲ್ಲದ ತುಂಡಾಗುತ್ತದೆ. ಯಾವುದೂ ಮುಚ್ಚಿಹೋಗುವುದಿಲ್ಲ.

ಮಧ್ಯೆ ಟೊಪಾಲಜಿ ಎಕ್ಸೆಪ್ಷನ್ ಅಂತ ಎರರ್ ಬಂದು ಕೆಲಸ ನಿಂತದ್ದುಂಟು. ದಶಮಾಂಶದ ಕೊನೆಯ ಸ್ಥಾನಗಳಲ್ಲಿ ಮಾತ್ರ ಬೇರೆಯಾದ ಬಿಂದುಗಳು ಇದಕ್ಕೆ ಕಾರಣ. ಪೋಸ್ಟ್‌ಜಿಐಎಸ್ 3.1ರಿಂದ, ಅದು ಬಳಸುವ ಜಿಯೋಸ್ ಲೈಬ್ರರಿ 3.9 ಅಥವಾ ಹೊಸದಿದ್ದರೆ, ಯೂನಿಯನ್‌ಗೇ ಗ್ರಿಡ್ ಅಳತೆ, ಅಂದರೆ ಬಿಂದುಗಳನ್ನು ಕೂರಿಸುವ ಚೌಕದ ಅಳತೆ, ಕೊಡಬಹುದು. ಒಂದು ಸೆಂಟಿಮೀಟರ್ ಗ್ರಿಡ್ ಕೊಟ್ಟೆವು, ಮತ್ತೆ ನಿಲ್ಲಲಿಲ್ಲ. ಕೊನೆಗೆ 3.4ರಲ್ಲಿ ಬಂದ ಎಸ್‌ಟಿ_ಕವರೇಜ್‌ಇನ್‌ವ್ಯಾಲಿಡ್‌ಎಡ್ಜಸ್ ಓಡಿಸಿ, ಅಕ್ಕಪಕ್ಕದ ಅಂಚುಗಳು ಬಿಂದು ಬಿಂದುವಿಗೂ ಹೊಂದುತ್ತವೆ ಎಂದು ಖಾತ್ರಿ ಮಾಡಿಕೊಂಡೆವು. ಊರಿನ ಒಟ್ಟು ಆಕಾರ ಬೇಕಾದಾಗ ಎಸ್‌ಟಿ_ಕವರೇಜ್‌ಯೂನಿಯನ್ ಸಾಕು. ಅದು ಸಾಮಾನ್ಯ ಯೂನಿಯನ್‌ಗಿಂತ ತುಂಬ ಬೇಗ ಮುಗಿಸುತ್ತದೆ, ಆದರೆ ಅಂಚುಗಳು ಮೊದಲೇ ಸರಿಯಾಗಿರಬೇಕು.

ಗುಂಟೆಯ ಲೆಕ್ಕ

ತುಂಡಾದ ಮೇಲೆ ಕೂಡಿಸುವಾಗ ಒಂದು ಬಲೆ ಇದೆ. ಆಕಾರಬಂದ್‌ನಲ್ಲಿ 6 ಎಕರೆ 20 ಗುಂಟೆ ಇರುವ ಸರ್ವೆ ನಂಬರ್ ಮೂರು ತುಂಡಾಯಿತು ಅನ್ನಿ. ಆ ಅಂಕಿ ಮೂರೂ ತುಂಡಿನ ಸಾಲಿಗೆ ನಕಲಾಗಿ, ಆಮೇಲೆ ಮೊತ್ತ ತೆಗೆದರೆ 19 ಎಕರೆ 20 ಗುಂಟೆ ಬರುತ್ತದೆ. ದಾಖಲೆಯ ವಿಸ್ತೀರ್ಣ ಸರ್ವೆ ನಂಬರಿನ ಟೇಬಲ್ಲಿನಲ್ಲೇ ಇರಬೇಕು, ತುಂಡಿನ ಟೇಬಲ್ಲಿಗೆ ಬರಬಾರದು. ತುಂಡಿಗೆ ನಕಾಶೆಯಿಂದ ಅಳೆದ ವಿಸ್ತೀರ್ಣ ಮಾತ್ರ. ಎರಡನ್ನೂ ತೋರಿಸಬೇಕು, ಒಂದನ್ನು ಇನ್ನೊಂದಕ್ಕೆ ಒಗ್ಗಿಸಬಾರದು.

ಅಳೆಯುವುದು ಯಾವುದರಲ್ಲಿ? ಅಕ್ಷಾಂಶ ರೇಖಾಂಶದ ಜಿಯೋಮೆಟ್ರಿಯಲ್ಲಿ ಎಸ್‌ಟಿ_ಏರಿಯಾ ಕೇಳಿದರೆ ಚದರ ಡಿಗ್ರಿ ಬರುತ್ತದೆ, ಅದರಿಂದ ಏನೂ ಗೊತ್ತಾಗದು. ಯುಟಿಎಂನಲ್ಲಿ ಚದರ ಮೀಟರ್ ಬರುತ್ತದೆ. ಆದರೆ ಯುಟಿಎಂ ತನ್ನ ನಡುಗೆರೆಯ ಬಳಿ ದೂರವನ್ನು 0.9996ಕ್ಕೆ ಇಳಿಸಿ ಬರೆಯುತ್ತದೆ. 43ನೇ ವಲಯದ ನಡುಗೆರೆ 75 ಡಿಗ್ರಿ, ಬೀಳಗಿ ಅದಕ್ಕೆ ಹತ್ತಿರ. ಹೀಗಾಗಿ ನೂರು ಎಕರೆಗೆ ಎರಡೂವರೆಯಿಂದ ಮೂರು ಗುಂಟೆ ಕಡಿಮೆ ತೋರಿಸುತ್ತದೆ. ಒಬ್ಬರ ಹೊಲದಲ್ಲಿ ಗೊತ್ತಾಗದಿದ್ದರೂ ಊರಿನ ಮೊತ್ತದಲ್ಲಿ ಗೊತ್ತಾಗುತ್ತದೆ. ಆದ್ದರಿಂದ ಗೆರೆಗಳ ಕೆಲಸವನ್ನೆಲ್ಲ ಯುಟಿಎಂನಲ್ಲಿ ಮಾಡಿ, ಕೊನೆಯ ವಿಸ್ತೀರ್ಣವನ್ನು ಮಾತ್ರ ಭೂಮಿಯ ದುಂಡನ್ನೇ ಲೆಕ್ಕಕ್ಕೆ ಹಿಡಿಯುವ ಜಿಯಾಗ್ರಫಿ ಟೈಪಿನಲ್ಲಿ ತೆಗೆದೆವು.

ಮುಳುಗಡೆಯ ಗೆರೆಯ ವಿಷಯದಲ್ಲಿ ಹುಡುಗರ ಜೊತೆ ಸ್ವಲ್ಪ ವಾದವೇ ಆಯಿತು. ಎಸ್‌ಆರ್‌ಟಿಎಂ ಎತ್ತರದ ಡೇಟಾ ಪುಕ್ಕಟೆ ಸಿಗುತ್ತದೆ, ಅದರಿಂದ 524.256ರ ಗೆರೆ ಒಂದು ಕ್ಲಿಕ್‌ನಲ್ಲಿ ಬರುತ್ತದೆ, ಚಂದವೂ ಕಾಣುತ್ತದೆ. ನಾನು ಒಪ್ಪಲಿಲ್ಲ. 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ತೆಗೆದ ಆ ಅಳತೆಗೆ ಇಟ್ಟುಕೊಂಡಿದ್ದ ಎತ್ತರದ ನಿಖರತೆಯ ಗುರಿಯೇ 16 ಮೀಟರ್. ನಾವು ಹುಡುಕುತ್ತಿದ್ದದ್ದು 519.6 ಮತ್ತು 524.256ರ ನಡುವಿನ 4.656 ಮೀಟರ್. ಅಂಥ ಗೆರೆಯನ್ನು ನಂಬಿ ಒಬ್ಬರ ಹೊಲ ಉಳಿಯಿತು, ಇನ್ನೊಬ್ಬರದು ಹೋಯಿತು ಅಂತ ಹೇಳುವುದು ಅನ್ಯಾಯ. ಕೊನೆಗೆ ನೆಲದ ಮೇಲೆ ಲೆವೆಲಿಂಗ್ ಮಾಡಿ ನೆಟ್ಟ ಗುರುತಿನ ಕಲ್ಲುಗಳು ಸಿಕ್ಕ ಕಡೆ ಮಾತ್ರ ಗೆರೆ ಎಳೆದೆವು. ಕಲ್ಲು ಸಿಗದ ಕಡೆ ತುಂಡಿನ ಮುಂದೆ ಮಟ್ಟ ಖಚಿತವಿಲ್ಲ ಅಂತ ಬರೆದೆವು.

ಈಗ ಗುಂಪಿನ ಬಳಿ ಇರುವ ಟೇಬಲ್ಲಿನಲ್ಲಿ ಪ್ರತಿ ತುಂಡಿಗೂ ಊರು, ಸರ್ವೆ ನಂಬರ್, ನೀರಾವರಿಯೋ ಒಣ ಬೇಸಾಯವೋ, ಗೆರೆಯ ಮೇಲೋ ಕೆಳಗೋ, ಗಡಿಯ ಆಧಾರ ಏನು ಎಂಬುದೆಲ್ಲ ಇದೆ. ತುಂಡುಗಳನ್ನೆಲ್ಲ ಕೂಡಿಸಿದ ಮೊತ್ತ ಎರಡು ಊರಿನ ಹೊರ ಆಕಾರದ ವಿಸ್ತೀರ್ಣಕ್ಕೆ ಸರಿಹೊಂದುತ್ತದೆ. ಆಕಾರಬಂದ್‌ಗೂ ನಕಾಶೆಗೂ ಅಂತರ ಇರುವ ಸರ್ವೆ ನಂಬರ್‌ಗಳ ಪಟ್ಟಿ ಬೇರೆಯೇ ಇದೆ, ಜಂಟಿ ಅಳತೆಗೆ ಅಧಿಕಾರಿಗಳು ಬಂದಾಗ ರೈತರು ಅದನ್ನು ಹಿಡಿದು ನಿಲ್ಲಬಹುದು. ಕಲ್ಲೂ ಇಲ್ಲದೆ, ಟಿಪ್ಪಣಿಯೂ ಓದಲು ಬಾರದೆ ಉಳಿದ ಕೆಲವು ಗಡಿ ತುಂಡುಗಳಲ್ಲಿ ಎರಡೂ ಸರ್ವೆ ನಂಬರ್‌ಗಳನ್ನು ಹಾಗೇ ಬಿಟ್ಟಿದ್ದೇವೆ. ಆ ತುಂಡುಗಳ ಎರಡೂ ಕಡೆಯ ಮನೆಯವರು ಸೇರಿ ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಅಳತೆಯಿಂದ ಗಡಿ ಗೊತ್ತುಮಾಡಿಸಲು, ಅರ್ಜಿ ಹಾಕಿದ್ದಾರೆ.